ಎಲ್ಲಾದರೂ ನಿಂತಿತ್ತಾ?

ಆ ಕಾರ್ಖಾನೆ ಎಂದರೆ ಎರಡೇ ಕೋಣೆ. ಒಂದು ಗಂಡನದು, ಇನ್ನೊಂದು ಹೆಂಡತಿಯದು. ಗಂಡನ ಕೋಣೆಯಲ್ಲಿ ಹಿಟ್ಟಿನಷ್ಟು ನುಣುಪಾದ ಸ್ಟೀಲಿನ ಪುಡಿಯನ್ನು ತೆಳ್ಳಗೆ ಹರಡಿ, ಲೇಸರ್‌ನಿಂದ ಕರಗಿಸಿ, ಅದರ ಮೇಲೆ ಮತ್ತೆ ಹರಡಿ, ಮತ್ತೆ ಕರಗಿಸಿ, ಪದರದ ಮೇಲೆ ಪದರ ಕೂರಿಸಿ ಸಾಮಾನು ಬೆಳೆಸುವ ಯಂತ್ರ. ಹೆಂಡತಿಯ ಕೋಣೆಯಲ್ಲಿ ಅದೇ ಸಾಮಾನಿನ ಒರಟು ಮೈಯನ್ನು ಉಪ್ಪುನೀರು ಮತ್ತು ಕರೆಂಟು ಸೇರಿಸಿ ಕರಗಿಸಿ ನಯ ಮಾಡುವ ಯಂತ್ರ. ಒಬ್ಬ ಕೂಡುವವನು, ಒಬ್ಬಳು ಕಳೆಯುವವಳು, ಅದಕ್ಕೇ ಸಂಸಾರದ ಲೆಕ್ಕ ಸರಿಹೋಗಿದೆ ಎಂದು ಪರಿಚಯದವರು ನಗುತ್ತಿದ್ದರು. ಬೀದಿಯವರು ಗಂಡನಿಗೆ ಪುಡಿ ಸಾಹೇಬ ಎಂದು ಹೆಸರಿಟ್ಟಿದ್ದರು. ಹೆಸರಿನಲ್ಲಿ ಅರ್ಧ ಗೌರವ, ಅರ್ಧ ಗೇಲಿ. ಅವನು ಗೌರವದ ಅರ್ಧವನ್ನು ಮಾತ್ರ ಕಿವಿಗೆ ಹಾಕಿಕೊಳ್ಳುತ್ತಿದ್ದ.

ಎರಡು ಕೋಣೆಗಳ ನಡುವೆ ಒಂದು ಬಾಗಿಲಿತ್ತು. ಅವನ ಕೈಯಿಂದ ಸಾಮಾನು ಆ ಬಾಗಿಲು ದಾಟುವಾಗ ಹೆಂಡತಿ ಅದನ್ನು ಥಟ್ಟನೆ ತೆಗೆದುಕೊಳ್ಳುತ್ತಿರಲಿಲ್ಲ. ಮೊದಲು ಕೇಳುತ್ತಿದ್ದಳು: "ಎಲ್ಲಾದ್ರೂ ನಿಂತಿತ್ತಾ?"

ಅಂದರೆ, ಪದರ ಕೂರಿಸುವಾಗ ಯಂತ್ರ ನಡುವೆ ಎಲ್ಲಾದರೂ ನಿಂತಿತ್ತಾ ಎಂದು. ನಿಂತರೆ ಆವರೆಗೆ ಬೆಳೆದದ್ದು ಆರುತ್ತದೆ. ಆರಿದ್ದರ ಮೇಲೆ ಹೊಸ ಪದರ ಕೂರಿಸಿದರೆ ಎರಡೂ ಒಂದಾಗಿ ಬೆರೆಯುತ್ತವೆಂಬ ಭರವಸೆಯಿಲ್ಲ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗೆ ಕೂದಲೆಳೆಯಂಥ ಬಿರುಕು ಉಳಿದಿರಬಹುದು, ಉಳಿಯದೆಯೂ ಇರಬಹುದು. "ನಿಂತಿತ್ತು" ಎಂದು ಅವನು ಎಷ್ಟೋ ಸಲ ಹೇಳಿದ್ದ. ಆಗೆಲ್ಲ ಅವಳು ಎಲ್ಲಿ ಎಂದು ಕೇಳಿ, ಆ ಜಾಗಕ್ಕೆ ಬಣ್ಣದ ಗುರುತು ಹಾಕಿ, ಉಳಿಸಬಹುದಾದ್ದನ್ನು ಉಳಿಸಿ, ಬಿಸಾಡಬೇಕಾದ್ದನ್ನು ಬಿಸಾಡಿದ್ದಳು. ನಿಜ ಹೇಳಿದ್ದಕ್ಕೆ ಅವನು ಒಂದು ದಿನವೂ ಬೈಸಿಕೊಂಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅವನ ಮೇಲೆ ಕನಿಕರ ಬಂದರೂ ಬರಬಹುದು.

ಆ ಬೆಳಿಗ್ಗೆ ಅವನು ಬಾಗಿಲಿಗೆ ತಂದದ್ದು ಹೆಂಡತಿಯ ತಮ್ಮನ ಉಸಿರನ್ನು. ಉಸಿರು ಎಂದರೆ ಉಸಿರೇ. ತಮ್ಮ ನೀರಿನಾಳದಲ್ಲಿ ಕೆಲಸ ಮಾಡುವವನು. ಹಡಗಿನ ತಳ, ಸೇತುವೆಯ ಬುಡ, ಜಲಾಶಯದ ಬಾಗಿಲು, ಎಲ್ಲಿ ಏನು ಕೆಟ್ಟರೂ ಹೆಲ್ಮೆಟ್ ತೊಟ್ಟು ಇಳಿಯುತ್ತಿದ್ದ. ಚಿಕ್ಕಂದಿನಲ್ಲಿ ನೀರಿನ ತೊಟ್ಟಿಯಿಂದ ಹೊರಗೆ ಬಾ ಎಂದರೆ ಬರುತ್ತಿರಲಿಲ್ಲವೆಂದು ಅಕ್ಕ ಅವನನ್ನು ಕಪ್ಪೆ ಎಂದು ಕರೆದಿದ್ದಳು. ಮೀಸೆ ಬಂದರೂ ಹೆಸರು ಹೋಗಲಿಲ್ಲ. ಮೇಲಿನಿಂದ ಬರುವ ಗಾಳಿಯ ಕೊಳವೆಯನ್ನು ಅವನ ಹೆಲ್ಮೆಟ್ಟಿಗೆ ಸೇರಿಸುವ, ಮೊಣಕೈಯ ಹಾಗೆ ಬಾಗಿದ ಒಂದು ಸ್ಟೀಲಿನ ತುಂಡು ಸೀಳುಬಿಟ್ಟಿತ್ತು. ಹೆಲ್ಮೆಟ್ ಮಾಡುತ್ತಿದ್ದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಇನ್ನೊಂದು ಹೆಲ್ಮೆಟ್ ತೊಡು ಎಂದರೆ ಕಪ್ಪೆ ಒಪ್ಪುತ್ತಿರಲಿಲ್ಲ. ಹಾಗಾಗಿ ಆ ಮೊಣಕೈಯನ್ನು ಭಾವನ ಯಂತ್ರದಲ್ಲಿ ಹೊಸದಾಗಿ ಬೆಳೆಸುವುದು, ಅಕ್ಕನ ಯಂತ್ರದಲ್ಲಿ ಅದರ ಒಳಮೈ ನಯ ಮಾಡುವುದು ಎಂದಾಯಿತು. ಮರುದಿನ ಅವನು ಒಂದು ಜಲಾಶಯಕ್ಕೆ ಇಳಿಯಬೇಕಿತ್ತು. ನೀರು ಹೊರಗೆ ಹೋಗುವ ಬಾಯಿಗೆ ಮರದ ದಿಮ್ಮಿ ಸಿಕ್ಕಿಕೊಂಡು ಕೂತಿತ್ತು.

ಕಪ್ಪೆ ಅಕ್ಕನ ಕೋಣೆಯಲ್ಲಿ ಬೆಂಚಿನ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಕಾಯುತ್ತಿದ್ದ. ಭಾವನನ್ನು ಕಂಡಿದ್ದೇ ತಡ, ಶುರು ಮಾಡಿದ.

"ಭಾವ, ನಿಮ್ಮ ಜೆರಾಕ್ಸ್ ಅಂಗಡಿಯಿಂದ ನನ್ನ ಕಾಪಿ ಬಂತಾ?"

"ಬಂತಪ್ಪ, ಬಂತು."

"ಪರವಾಗಿಲ್ವೇ! ನಾನು ನಿಮ್ಮ ಮಷೀನು ಅರ್ಧಕ್ಕೇ ನಿದ್ದೆ ಹೊಡೆದಿರುತ್ತೆ ಅಂದ್ಕೊಂಡಿದ್ದೆ. ಯಜಮಾನ್ರ ಥರಾನೇ."

ಅಕ್ಕ ನಕ್ಕಳು. ಪುಡಿ ಸಾಹೇಬನ ಕಿವಿ ಬಿಸಿಯಾಯಿತು. ಈ ಯಂತ್ರ ತಂದ ದಿನದಿಂದ ಕಪ್ಪೆ ಅದನ್ನು ಜೆರಾಕ್ಸ್ ಎಂದೇ ಕರೆಯುತ್ತಿದ್ದ. ಎರಕ ಹೊಯ್ದು, ಲೇತಿನಲ್ಲಿ ಕಡೆದು ಮಾಡಿದ್ದೇ ಸಾಮಾನು, ಪುಡಿಯಿಂದ ಮಾಡಿದ್ದೆಲ್ಲ ಬರೀ ಮಿಠಾಯಿ ಎಂಬುದು ಅವನ ವಾದ. ಅವನ ಮೀಸೆಯಡಿಯ ನಗುವನ್ನು ಒಂದು ಸಲವಾದರೂ ಅಳಿಸಬೇಕೆಂದು ಭಾವ ಕಾದುಕೊಂಡಿದ್ದ.

ಹೆಂಡತಿ ಬಾಗಿಲಿಗೆ ಬಂದಳು. ಕೈ ಚಾಚುವ ಮೊದಲು ಕೇಳಿದಳು.

"ಎಲ್ಲಾದ್ರೂ ನಿಂತಿತ್ತಾ?"

ಅವಳ ಹೆಗಲಿನ ಹಿಂದೆ ಕಪ್ಪೆ ಹಲ್ಲು ಕಿರಿಯುತ್ತಾ ಕಿವಿಗೊಟ್ಟಿದ್ದ.

"ಇಲ್ಲ" ಎಂದ ಪುಡಿ ಸಾಹೇಬ.

ಅವಳು ಮೊಣಕೈಯನ್ನು ತೆಗೆದುಕೊಂಡು ಒಳಗೆ ಹೋದಳು.

ನಿಂತಿತ್ತು. ಅದೂ ಯಾರದೋ ತಪ್ಪಿನಿಂದಲ್ಲ, ಕರೆಂಟು ಹೋಗಿಯೂ ಅಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ಪುಡಿಯೇ ಸಾಕಾಗುತ್ತದೆ, ಹೊಸ ಡಬ್ಬಿ ಒಡೆದು ಜರಡಿ ಹಿಡಿಯುವ ರಗಳೆ ಯಾಕೆ ಎಂದುಕೊಂಡಿದ್ದ. ಕಣ್ಣಳತೆಯಲ್ಲಿ ನೋಡಿ, ಮೇಲೆ ಕೈಯಾಡಿಸಿ, ಸಾಕು ಎಂದು ತೀರ್ಮಾನಿಸಿ, ಯಂತ್ರ ಹಚ್ಚಿ ಕ್ಷೌರದಂಗಡಿಗೆ ಹೋಗಿದ್ದ. ಅಲ್ಲಿ ಹರಟೆ ಬಿಸಿಯೇರಿತು. ತಿರುಗಿ ಬಂದಾಗ ಯಂತ್ರ ಪುಡಿ ಸಾಲದೆ ಕೆಂಪು ದೀಪ ಉರಿಸಿಕೊಂಡು ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ, ಮುಟ್ಟಿದರೆ ತಣ್ಣಗಿತ್ತು. ಸರಿಯಾಗಿ ಮೊಣಕೈ ಬಾಗುವ ಜಾಗದಲ್ಲಿ. ಅವನು ಡಬ್ಬಿ ಒಡೆದು ಪುಡಿ ತುಂಬಿ ಮತ್ತೆ ಚಾಲೂ ಮಾಡಿದ. ಬಿಸಾಡಿ ಮೊದಲಿನಿಂದ ಶುರು ಮಾಡಿದರೆ ಕಪ್ಪೆ ಕೊಟ್ಟ ದಿನಕ್ಕೆ ಆಗುತ್ತಿರಲಿಲ್ಲ, ಆಗಲಿಲ್ಲವೆಂದರೆ ಜೆರಾಕ್ಸಿನ ಗೇಲಿ ಜನ್ಮ ಪೂರ್ತಿ ತಪ್ಪುತ್ತಿರಲಿಲ್ಲ. ಸಾಮಾನು ಹೊರಬಂದಾಗ ಬಾಗಿನಲ್ಲಿ ಸಣ್ಣ ಗೆರೆಯೊಂದು ಕಾಣುತ್ತಿತ್ತು. ಗಾಜಿನ ಸಣ್ಣ ಮಣಿಗಳನ್ನು ರಭಸದಿಂದ ಎರಚುವ ಯಂತ್ರಕ್ಕೆ ಹಿಡಿದು ಹೊರಮೈಯನ್ನೆಲ್ಲ ಒಂದೇ ಸಮ ಮಂಕು ಮಾಡಿದ ಮೇಲೆ ಗೆರೆ ಮಾಯವಾಯಿತು.

ಅವಳು ಕೇಳಿದಾಗ ಹೇಳಿಬಿಡುತ್ತೇನೆ ಎಂದೇ ಅವನು ಅಂದುಕೊಂಡಿದ್ದ. ಪ್ರಾಮಾಣಿಕವಾಗಿಯೇ ಅಂದುಕೊಂಡಿದ್ದ. ಆದರೆ ಕಪ್ಪೆಯ ಹಲ್ಲು ಕಂಡ ಮೇಲೆ ನಾಲಿಗೆ ಹೊರಳಲಿಲ್ಲ.

ಹೆಂಡತಿಯ ಕೋಣೆಯಲ್ಲಿ ಹೊಗೆ ಎಳೆಯುವ ಫ್ಯಾನು ಗುಂಯ್‌ಗುಡುತ್ತಿತ್ತು. ಅವಳು ಮೊಣಕೈಯನ್ನು ಸ್ಟ್ಯಾಂಡಿಗೆ ಬಿಗಿದು, ಒಂದು ಬಾಯಿಗೆ ಉಪ್ಪುನೀರು ಬರುವ ಕೊಳವೆ, ಇನ್ನೊಂದು ಬಾಯಿಗೆ ಹೋಗುವ ಕೊಳವೆ ಜೋಡಿಸಿದಳು. ಉಪ್ಪು ಎಂದರೆ ಊಟದ ಉಪ್ಪಲ್ಲ, ಅದರ ದಾಯಾದಿ. ಪ್ಲಸ್ ತಂತಿ ಸ್ಟೀಲಿಗೆ. ಮೈನಸ್ ತಂತಿ ಮೊಣಕೈಯೊಳಗೆ ತೂರಿಸಿದ ತಾಮ್ರದ ಒಂದು ಮೆತ್ತನೆಯ ಹಗ್ಗಕ್ಕೆ. ಆ ಹಗ್ಗದುದ್ದಕ್ಕೂ ಅವಳೇ ಪ್ಲಾಸ್ಟಿಕ್ ಮಣಿಗಳನ್ನು ಪೋಣಿಸಿದ್ದಳು, ತಾಮ್ರ ಸ್ಟೀಲಿಗೆ ತಾಗದಿರಲಿ ಎಂದು. ನಡುವೆ ಇರುವುದು ಉಗುರಿನ ದಪ್ಪದ ಸಂದು. ಆ ಸಂದಿನಲ್ಲಿ ಉಪ್ಪುನೀರು ಹರಿಯುತ್ತಿರುವಾಗ ಕರೆಂಟು ಬಿಟ್ಟರೆ, ತಾಮ್ರದ ಎದುರಿಗಿರುವ ಸ್ಟೀಲು ಕರಗಿ ನೀರಿನೊಂದಿಗೆ ಹೋಗುತ್ತದೆ. ಕಿಡಿಯಿಲ್ಲ, ಬಿಸಿಯಿಲ್ಲ, ಉಜ್ಜುವ ಸದ್ದೂ ಇಲ್ಲ. ತಾಮ್ರ ತಾಗಿದರೆ ಮಾತ್ರ ಚಟಾರನೆ ಕಿಡಿ ಹಾರಿ ಸಾಮಾನು ಸುಟ್ಟು ಹಾಳಾಗುತ್ತದೆ. ಅರ ಹೋಗದ, ಬೆರಳು ಹೋಗದ ಆ ಬಾಗಿನೊಳಗೆ ಅಂಟಿಕೊಂಡಿರುವ ಪುಡಿಯ ಕಾಳುಗಳನ್ನು ತೆಗೆಯಲು ಬೇರೆ ದಾರಿಯಿರಲಿಲ್ಲ. ಒಂದೇ ಒಂದು ಕಾಳು ನೀರಿನಡಿ ಕಳಚಿ ಹೆಲ್ಮೆಟ್ಟಿನ ವಾಲ್ವಿಗೆ ಸಿಕ್ಕಿದರೂ ಕಪ್ಪೆಯ ಗಾಳಿ ಅಲ್ಲಿಗೇ ನಿಲ್ಲುತ್ತದೆ.

"ಕಪ್ಪೆ, ನೀನು ದೂರ ಕೂತ್ಕೋ. ಮಾತಾಡ್ಬೇಡ," ಎಂದಳು ಅಕ್ಕ. "ರೀ, ನೀವು ಆ ಕಡೆ ನಿಂತ್ಕೊಳ್ಳಿ. ಎಲ್ಲಾದ್ರೂ ಸೋರಿದ್ರೆ ತಕ್ಷಣ ಹೇಳಿ. ನಾನು ಮೀಟರಿಂದ ಕಣ್ಣು ತೆಗೆಯೋ ಹಾಗಿಲ್ಲ."

ಅವನು ಆ ಕಡೆ ಹೋಗಿ ನಿಂತ. ಬಾಗಿನ ಹೊರಮೈ ಅವನ ಮೂಗಿನ ನೇರಕ್ಕಿತ್ತು.

ಪಂಪು ಚಾಲೂ ಆಯಿತು. ನೀರು ಮೊಣಕೈಯೊಳಗೆ ನುಗ್ಗಿ ಆಚೆಯ ಕೊಳವೆಯಿಂದ ತೊಟ್ಟಿಗೆ ಬೀಳತೊಡಗಿತು. ಅವಳು ಕರೆಂಟು ಬಿಟ್ಟಳು. ಒಂದು ಕೈ ಸ್ವಿಚ್ಚಿನ ಮೇಲೆ, ಇನ್ನೊಂದು ಕೈ ಹಗ್ಗ ಎಳೆಯುವ ಸಣ್ಣ ಹಿಡಿಯ ಮೇಲೆ. ಹಿಡಿಯನ್ನು ತಿರುಗಿಸಿದ್ದು ಕಣ್ಣಿಗೆ ಕಾಣದಷ್ಟು ನಿಧಾನ. ತೊಟ್ಟಿಗೆ ಬೀಳುತ್ತಿದ್ದ ತಿಳಿನೀರು ಕಲಕಿ ಕಾಫಿ ಬಣ್ಣಕ್ಕೆ ತಿರುಗಿತು. ಕರಗಿದ ಸ್ಟೀಲು ಕೆಸರಾಗಿ ಬರುತ್ತಿತ್ತು.

ನೇರ ಭಾಗ ಮುಗಿಯಿತು. ತಾಮ್ರ ಬಾಗಿಗೆ ಬಂತು. ಪುಡಿ ಸಾಹೇಬ ಉಸಿರು ಬಿಗಿಹಿಡಿದ.

"ಇಲ್ಲೇನೋ ಬೇರೆ ಥರ ಇದೆಯಲ್ರೀ," ಎಂದಳು ಅವಳು ಮೀಟರಿನಿಂದ ಕಣ್ಣು ತೆಗೆಯದೆ. "ಮುಳ್ಳು ಅಲ್ಲಾಡ್ತಿದೆ."

"ಬಾಗು ಅಲ್ವಾ. ಅಲ್ಲಿ ಕಾಳು ಜಾಸ್ತಿ ಕೂತಿರುತ್ತೆ."

"ಹೌದಾ?"

"ಹೌದು."

ಅವಳು ನಂಬಿದಳು. ನಂಬಿದ್ದು ಅವಳ ಕೈಯಲ್ಲೇ ಕಂಡಿತು. ಸ್ವಿಚ್ಚಿನ ಮೇಲೆ ಬಿಗಿದಿದ್ದ ಬೆರಳು ಸಡಿಲವಾಯಿತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆಗ ಬಾಗಿನ ಹೊರಮೈಯಲ್ಲಿ, ಮಂಕು ಬೂದು ಬಣ್ಣದ ನಡುವೆ, ಒಂದು ಚುಕ್ಕೆ ಹೊಳೆಯಿತು. ಅವನು ಕಣ್ಣು ಕಿರಿದು ಮಾಡಿ ನೋಡಿದ. ಚುಕ್ಕೆ ದಪ್ಪವಾಯಿತು. ಸಾಸಿವೆಯಷ್ಟಿದ್ದದ್ದು ಮೆಣಸಿನಷ್ಟಾಯಿತು. ನೀರು. ಗಟ್ಟಿ ಸ್ಟೀಲಿನ ಗೋಡೆಯೊಳಗಿಂದ ನೀರು ಬೆವರಿನ ಹಾಗೆ ಹೊರಗೆ ಬರುತ್ತಿತ್ತು.

"ಎಲ್ಲಾ ಸರಿ ಇದೆಯಾ? ಸೋರ್ತಿಲ್ಲ ತಾನೆ?" ಎಂದಳು ಹೆಂಡತಿ.

ಅವನು ಹೆಬ್ಬೆರಳು ಚಾಚಿ ಹನಿಯನ್ನು ಒರೆಸಿದ.

"ಇಲ್ಲ," ಎಂದ.

ಬೆರಳು ಮೊದಲು ಹೋಯಿತು, ಬಾಯಿ ಅದನ್ನು ಹಿಂಬಾಲಿಸಿತು. ಒಂದು ಸುಳ್ಳು ಬಾಯಿಂದ ಬಿದ್ದ ಮೇಲೆ ಅದಕ್ಕೆ ಕಾವಲು ನಿಲ್ಲುವ ಕೆಲಸ ತಾನಾಗಿಯೇ ಮೈಮೇಲೆ ಬರುತ್ತದೆ. ಹನಿ ಮತ್ತೆ ಮೂಡಿತು. ಅವನು ಮತ್ತೆ ಒರೆಸಿದ. ಹಿಂದೆ ಕೂತಿದ್ದ ಕಪ್ಪೆ ಹೆಲ್ಮೆಟ್ಟಿನ ಗಾಜು ಒರೆಸುತ್ತಾ ಸಿಳ್ಳೆ ಹಾಕಲು ಹೊರಟು, ಅಕ್ಕನ ಮುಖ ನೋಡಿ ಬಾಯಿ ಮುಚ್ಚಿದ. ಮೂರನೆಯ ಹನಿಗಾಗಿ ಪುಡಿ ಸಾಹೇಬ ಹೆಬ್ಬೆರಳು ಸಿದ್ಧವಿಟ್ಟುಕೊಂಡೇ ಕಾದ. ಬರಲಿಲ್ಲ. ಅದರ ಬದಲು ಆ ಜಾಗದಲ್ಲಿ ಪೆನ್ಸಿಲಿನ ಗೀಟಿನಷ್ಟು ಸಣ್ಣಗೆ ಕಂದು ಬಣ್ಣ ಕಾಣಿಸಿಕೊಂಡಿತು. ಕೆಸರು. ಒಳಗಿನ ಕೆಸರೇ ಬಿರುಕಿಗೆ ಹೋಗಿ ಮೆತ್ತಿಕೊಂಡು ನೀರಿನ ದಾರಿ ಮುಚ್ಚಿತ್ತು.

ತಾಮ್ರ ಬಾಗು ದಾಟಿತು. ಮೀಟರಿನ ಮುಳ್ಳು ನೆಟ್ಟಗೆ ನಿಂತಿತು. ಆಚೆಯ ನೇರ ಭಾಗವೂ ಮುಗಿದು ಅವಳು ಕರೆಂಟು ತೆಗೆದಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆ ಕಂದು ಗೀಟನ್ನೂ ಅವನು ಅಂಗಿಯ ತುದಿಯಿಂದ ಉಜ್ಜಿ ತೆಗೆದ.

ಮೊಣಕೈಯನ್ನು ತೊಳೆದು ಒರೆಸಿ, ಟಾರ್ಚು ಬಿಟ್ಟು ಅಕ್ಕ ಒಳಗೆ ನೋಡುತ್ತಿದ್ದಂತೆ ಕಪ್ಪೆ ಅದನ್ನು ಇಸಿದುಕೊಂಡ. ಮರಳು ಮೆತ್ತಿದ ಹಾಗಿದ್ದ ಒಳಮೈ ಈಗ ಕನ್ನಡಿ. ಬಾಗಿನ ಆಚೆಗಿನ ಬೆಳಕೂ ಒಳಗೆ ಜಾರಿ ಬರುತ್ತಿತ್ತು. ಅವನು ಮತ್ತೆ ಮತ್ತೆ ಒಂದೇ ಕಣ್ಣಿಟ್ಟು ನೋಡಿದ.

"ಪರೀಕ್ಷೆ ಆಗ್ಲಿ, ಆಮೇಲೆ ಕುಣಿ," ಎಂದು ಅಕ್ಕ ಅದನ್ನು ಕಿತ್ತುಕೊಂಡಳು. ಒಂದು ಬಾಯಿಗೆ ಮುಚ್ಚಳ ಬಿಗಿದು, ಇನ್ನೊಂದಕ್ಕೆ ಗಾಳಿಯ ಕೊಳವೆ ಸಿಕ್ಕಿಸಿ, ಗಾಜಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿದಳು. ನೀರಿನಾಳದಲ್ಲಿ ಬೇಕಾಗುವುದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಗಾಳಿ ಬಿಟ್ಟಳು. ಮೂವರೂ ಬಗ್ಗಿ ನೋಡಿದರು.

ಗುಳ್ಳೆ ಬಂದರೆ ಎಲ್ಲ ಮುಗಿಯುತ್ತಿತ್ತು. ಬರಲಿ ಎಂದು ಅವನು ಬೇಡಿಕೊಂಡ. ಅವನೇನೂ ಹೇಳಬೇಕಿರಲಿಲ್ಲ, ಗುಳ್ಳೆಯೇ ಹೇಳುತ್ತಿತ್ತು. ಅಯ್ಯೋ ಹೇಗಾಯಿತೋ ಎಂದು ಅವನೂ ಎಲ್ಲರ ಜೊತೆ ಆಶ್ಚರ್ಯಪಡಬಹುದಿತ್ತು. ಬರದಿರಲಿ ಎಂದೂ ಬೇಡಿಕೊಂಡ. ಒಂದೇ ಎದೆಯಲ್ಲಿ ಎರಡು ಬೇಡಿಕೆ ಇಟ್ಟುಕೊಂಡವನಿಗೆ ಯಾವ ದೇವರು ತಾನೆ ಏನು ಕೊಟ್ಟಾನು?

ಗುಳ್ಳೆ ಬರಲಿಲ್ಲ. ಅವಳು ಬೇಕಾದಷ್ಟು ಹೊತ್ತು ಹಾಗೇ ಬಿಟ್ಟು, ತಿರುಗಿಸಿ, ಬಟ್ಟೆಯಿಂದ ಸವರಿ, ಮತ್ತೆ ನೋಡಿದಳು. ಒಂದೇ ಒಂದು ಗುಳ್ಳೆಯೂ ಇಲ್ಲ. ಕೆಸರು ಗಟ್ಟಿಯಾಗಿ ಕೂತುಬಿಟ್ಟಿತ್ತು.

"ಪಾಸ್," ಎಂದಳು. ಅವಳ ಮುಖ ಬೆಳಗಿತ್ತು.

ಇದೇ ಸರಿ, ಕೂತದ್ದು ಕೂತಿತು, ಇನ್ನು ಏಳುವುದಿಲ್ಲ ಎಂದು ಅವನು ತನಗೇ ಹೇಳಿಕೊಂಡ. ಆದರೆ ಅವನ ಕಸುಬೇ ಪುಡಿಯದು. ಒಣಗಿದ ಕೆಸರು ಎಂದರೆ ಪುಡಿ, ಒದ್ದೆಯಾದ ಪುಡಿ ಎಂದರೆ ಕೆಸರು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾಳೆ ಜಲಾಶಯದ ತಳದಲ್ಲಿ, ಕೈಗೆ ಕೈ ಕಾಣದ ಕತ್ತಲೆಯಲ್ಲಿ, ಗಾಳಿಯ ಕೊಳವೆ ಎಳೆದಾಡುವಾಗ ಅದು ಉದುರುತ್ತದೆ. ಬಿರುಕು ಬಾಯಿಬಿಡುತ್ತದೆ. ಮೊಣಕೈ ಅಲ್ಲಿಗೇ ಎರಡು ತುಂಡು.

ಕಪ್ಪೆ ಆಗಲೇ ಮೊಣಕೈಯನ್ನು ಹೆಲ್ಮೆಟ್ಟಿಗೆ ಕೂರಿಸಿ ಬಿಗಿಯುತ್ತಿದ್ದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕೂತಿತು. ಕಾರ್ಖಾನೆಯ ಗಾಳಿಯ ಕೊಳವೆಗೇ ಜೋಡಿಸಿ ಇಲ್ಲೇ ಒಂದು ಸಲ ತೊಟ್ಟು ನೋಡುತ್ತೇನೆ ಎಂದ. ತೊಡುವ ಮೊದಲು ಭಾವನ ಹತ್ತಿರ ಬಂದು ನಿಂತ. ಮೀಸೆಯಡಿಯ ನಗು ಇರಲಿಲ್ಲ. ಭಾವ ಅಷ್ಟು ದಿನದಿಂದ ಕಾದಿದ್ದ ಗಳಿಗೆ ಬಂದೇಬಿಟ್ಟಿತ್ತು.

"ಭಾವ, ಇಷ್ಟು ದಿನ ಜೆರಾಕ್ಸ್ ಅಂದಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ. ನಿಜ ಹೇಳ್ತೀನಿ, ಹಳೇದು ಇದರ ಮುಂದೆ ಏನೂ ಅಲ್ಲ."

"ಇರ್ಲಿ ಬಿಡಪ್ಪ."

"ಇಲ್ಲ, ಇಲ್ಲ. ನಾಳೆ ಕೆಳಗೆ ಹೋದಾಗ ನಿಮ್ಮನ್ನೇ ನೆನೆಸ್ಕೊಳ್ತೀನಿ. ಅಲ್ಲಿ ಒಬ್ಬನೇ ಇರ್ತೀನಲ್ಲ, ಯಾರನ್ನಾದ್ರೂ ನೆನೆಸ್ಕೊಳ್ಲೇಬೇಕು."

ಹೇಳಿ ಹೆಲ್ಮೆಟ್ ತಲೆಗೆ ಹಾಕಿಕೊಂಡ. ಅಕ್ಕ ಕುತ್ತಿಗೆಯ ಪಟ್ಟಿ ಬಿಗಿದು ಗಾಳಿ ಬಿಟ್ಟಳು. ಸುಯ್ ಎಂದು ಗಾಳಿ ಮೊಣಕೈಯೊಳಗಿಂದ ಹೆಲ್ಮೆಟ್ಟಿಗೆ ಹೋಗುವ ಸದ್ದು ಕೇಳಿಸಿತು. ಕೊಳವೆ ಎಳೆದಾಡದಿರಲೆಂದು ಪುಡಿ ಸಾಹೇಬ ಅದನ್ನು ಎತ್ತಿ ಹಿಡಿದುಕೊಂಡಿದ್ದ. ಗಾಜಿನ ಹಿಂದೆ ಕಪ್ಪೆ ಕೆನ್ನೆ ಉಬ್ಬಿಸಿ ಉಸಿರೆಳೆದು, ಕಣ್ಣರಳಿಸಿ, ಮೂರು ವರ್ಷದ ಮಗುವಿನ ಹಾಗೆ ಭಾವನ ಕಡೆ ನಕ್ಕ.

ಕೊಳವೆ ಹಿಡಿದ ತನ್ನ ಕೈಯನ್ನು ಪುಡಿ ಸಾಹೇಬ ನೋಡಿದ. ಹೆಬ್ಬೆರಳಿನ ತುದಿ ಬೆಳ್ಳಗಿತ್ತು. ಒರೆಸಿದ ಹನಿ ಒಣಗಿ ಉಪ್ಪು ಉಳಿದಿತ್ತು.

"ನಿಂತಿತ್ತು," ಎಂದ.

ಹೆಲ್ಮೆಟ್ಟಿನೊಳಗಿದ್ದವನಿಗೆ ಕೇಳಿಸಲಿಲ್ಲ. ಅವನಿನ್ನೂ ನಗುತ್ತಿದ್ದ. ಹೆಂಡತಿ ತಿರುಗಿದಳು.

"ಏನಂದ್ರಿ?"

"ನಿಂತಿತ್ತು. ಬಾಗಿನಲ್ಲಿ. ಪುಡಿ ಸಾಲದೆ ನಿಂತಿತ್ತು, ತಣ್ಣಗಾಗಿತ್ತು. ನೀನು ಕೇಳಿದಾಗ ಇಲ್ಲ ಅಂದೆ." ಬೆಳ್ಳಗಾದ ಹೆಬ್ಬೆರಳನ್ನು ಅವಳ ಮುಂದೆ ಹಿಡಿದ. "ಸೋರಿತು ಕಣೇ. ನನ್ನ ಕಣ್ಣೆದುರೇ ಸೋರಿತು. ಬೆರಳಲ್ಲಿ ಒರೆಸ್ದೆ. ಈಗ ಕೆಸರು ತುಂಬ್ಕೊಂಡಿದೆ, ಅದಕ್ಕೇ ಗುಳ್ಳೆ ಬರ್ಲಿಲ್ಲ."

ಅವಳು ಕೂಗಲಿಲ್ಲ. ಅವನ ಮುಖವನ್ನು ಒಂದು ಕ್ಷಣ, ಯಾರದೋ ಗುರುತು ಹತ್ತದ ಮುಖವನ್ನು ನೋಡುವ ಹಾಗೆ ನೋಡಿದಳು. ಆಮೇಲೆ ತಮ್ಮನ ಹತ್ತಿರ ಹೋಗಿ, ಅವಸರ ಮಾಡದೆ, ಮಾಡಬೇಕಾದ ಕ್ರಮದಲ್ಲೇ ಮೊದಲು ಗಾಜು ತೆರೆದು, ಪಟ್ಟಿ ಸಡಿಲಿಸಿ, ಕೊನೆಗೆ ಗಾಳಿ ನಿಲ್ಲಿಸಿದಳು.

"ಯಾಕೆ? ಚೆನ್ನಾಗಿ ಬರ್ತಿತ್ತಲ್ಲ?" ಎಂದ ಕಪ್ಪೆ.

"ತಡಿ," ಎಂದಷ್ಟೇ ಅಂದಳು.

ಮೊಣಕೈಯನ್ನು ಬಿಚ್ಚಿ, "ಎಲ್ಲಿ?" ಎಂದು ಗಂಡನ ಮುಂದೆ ಹಿಡಿದಳು. ಅವನು ಹೆಬ್ಬೆರಳಿನಿಂದಲೇ ಜಾಗ ತೋರಿಸಿದ. ಅವಳು ಅಲ್ಲಿಗೆ ಬಿಸಿನೀರನ್ನು ಸೂಜಿಯಂಥ ಧಾರೆಯಲ್ಲಿ ಬಿಟ್ಟು, ತಂತಿಯ ಬ್ರಷ್ಷಿನಿಂದ ಉಜ್ಜಿದಳು. ಇನ್ನೊಂದು ಸಲ ನೀರು ಬಿಟ್ಟಳು. ಕರೆಂಟು, ಕಿಡಿ, ಉಗುರಿನ ದಪ್ಪದ ಸಂದು ಯಾವುದಕ್ಕೂ ತಪ್ಪದ ಕೈಯಿಂದ ಬ್ರಷ್ಷು ಜಾರಿ ಕೆಳಗೆ ಬಿತ್ತು. ಅವನು ಎತ್ತಿಕೊಡಲು ಬಗ್ಗಿದ. ಅವಳು ತಾನೇ ಎತ್ತಿಕೊಂಡಳು.

ಮತ್ತೆ ಗಾಜಿನ ತೊಟ್ಟಿ. ಮತ್ತೆ ಗಾಳಿ. ಈ ಸಲ ಕಾಯಬೇಕಾಗಲಿಲ್ಲ. ಬಾಗಿನ ಸುತ್ತ, ಸರಿಯಾಗಿ ಒಂದೇ ಗೆರೆಯಲ್ಲಿ, ಸಣ್ಣ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಮೇಲೆ ಏಳತೊಡಗಿದವು. ಅವಳು ಒತ್ತಡ ಏರಿಸಿದಳು. ಇನ್ನೂ ಏರಿಸಿದಳು. ನೀರಿನೊಳಗೆ ಟಕ್ ಎಂದು ಸದ್ದಾಯಿತು. ಗುಳ್ಳೆಗಳೆಲ್ಲ ಒಂದಾಗಿ ಬುಸ್ಸೆಂದು ನುಗ್ಗಿ ತೊಟ್ಟಿಯ ನೀರು ಮೂವರ ಮುಖಕ್ಕೂ ಎರಚಿತು. ಅವಳು ಗಾಳಿ ನಿಲ್ಲಿಸಿದ ಮೇಲೆ ನೀರು ತಿಳಿಯಾಯಿತು. ಮೊಣಕೈ ತಳದಲ್ಲಿ ಎರಡು ತುಂಡಾಗಿ ಬಿದ್ದಿತ್ತು. ಒಡೆದ ಅಂಚು ಚಾಕುವಿನಿಂದ ಕೊಯ್ದಷ್ಟು ನೇರವಾಗಿತ್ತು.

ಕಪ್ಪೆ ಮುಖ ಒರೆಸಿಕೊಳ್ಳಲಿಲ್ಲ. ಆ ಎರಡು ತುಂಡುಗಳನ್ನೇ ನೋಡುತ್ತಾ ನಿಂತ. ಯಾವುದಕ್ಕೂ ಗೇಲಿ ಮಾಡುವವನು ಆಗ ಏನಾದರೂ ಗೇಲಿ ಮಾಡಿದ್ದರೆ ಭಾವನಿಗೆ ಬದುಕಿದಂತಾಗುತ್ತಿತ್ತು.

"ಸೋರಿದಾಗ ಒರೆಸಿದ್ರಾ, ಭಾವ?" ಎಂದು ಮೆಲ್ಲಗೆ ಕೇಳಿದ. ಗುಳ್ಳೆಗಳ ಸಾಲು ಎದ್ದಾಗಲೇ ಅಕ್ಕ ಎರಡು ಮಾತಿನಲ್ಲಿ ಎಲ್ಲ ಹೇಳಿದ್ದಳು.

"ಒರೆಸ್ದೆ."

"ನಾನು ಇಲ್ಲೇ ಕೂತಿದ್ದಾಗ?"

"ಹೂಂ."

"ನನ್ನ ಬಾಯಿಗೆ ಹೆದರ್ಕೊಂಡು?"

ಪುಡಿ ಸಾಹೇಬ ತಲೆ ತಗ್ಗಿಸಿದ. ಕಪ್ಪೆ ಜೇಬಿನಿಂದ ಫೋನು ತೆಗೆದು ಯಾರಿಗೋ ಹಚ್ಚಿದ.

"ನಾಳೆ ಇಳಿಯಕ್ಕಾಗಲ್ಲ ಸರ್... ಇಲ್ಲ, ಬೇರೆಯವರನ್ನ ಕರೆಸ್ಕೋಬೇಡಿ, ಒಂದೆರಡು ದಿನ ಕೊಡಿ... ಸಾಮಾನು ಒಡೆದುಹೋಯ್ತು... ಯಾರ ತಪ್ಪೂ ಅಲ್ಲ, ಹಳೇದು, ನಾನೇ ಸರಿಯಾಗಿ ನೋಡ್ಕೊಂಡಿರ್ಲಿಲ್ಲ."

ಭಾವ ಕೇಳಿಸಿಕೊಂಡ. ಇದಕ್ಕಿಂತ ಕಪಾಳಕ್ಕೆ ಒಂದು ಬಿಗಿದಿದ್ದರೆ ಹಗುರವಾಗುತ್ತಿತ್ತು. ಕಪ್ಪೆ ಫೋನು ಜೇಬಿಗಿಟ್ಟು ಹೊರಟ. ಹೆಲ್ಮೆಟ್ಟನ್ನು ಮಾತ್ರ ಒಯ್ಯಲಿಲ್ಲ. ಬೆಂಚಿನ ಮೇಲೆ ಇದ್ದಲ್ಲೇ ಬಿಟ್ಟ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ, "ಬೇಗ ಮಾಡಿ ಭಾವ," ಎಂದು ಹೋದ.

ಪುಡಿ ಸಾಹೇಬ ತನ್ನ ಕೋಣೆಗೆ ಹೋಗಿ ಹೊಸ ಡಬ್ಬಿ ಒಡೆದ. ಜರಡಿ ಹಿಡಿದ. ಪೆಟ್ಟಿಗೆಯ ಅಂಚಿನವರೆಗೂ ಪುಡಿ ತುಂಬಿದ. ತುಂಬಿದ ಮೇಲೂ ತೂಗಿ ನೋಡಿದ. ಯಂತ್ರ ಹಚ್ಚಿ ಹಿಂದಿರುಗಿ ನೋಡಿದರೆ, ಹೆಂಡತಿ ತನ್ನ ಕೋಣೆಯಿಂದ ಕುರ್ಚಿ ಎಳೆದು ತಂದು ಯಂತ್ರದ ಗಾಜಿನ ಕಿಟಕಿಯ ಎದುರು ಕೂತಿದ್ದಳು.

"ನಾನು ಇಲ್ಲೇ ಇರ್ತೀನಿ. ನೀನು ಹೋಗು," ಎಂದ.

ಅವಳು ಏಳಲಿಲ್ಲ. ಲೇಸರಿನ ಬೆಳಕು ಪುಡಿಯ ಮೇಲೆ ಓಡಾಡಿತು, ಪುಡಿ ಹರಡುವ ಪಟ್ಟಿ ಬಂದು ಹೋಯಿತು, ಮತ್ತೆ ಬೆಳಕು. ಇಬ್ಬರೂ ಕೂತರು. ಅವನು ಮಾತು ತೆಗೆದಾಗ ಕೇಳಿದಷ್ಟಕ್ಕೆ ಉತ್ತರ ಕೊಟ್ಟಳು. ಕಾಫಿ ತಂದುಕೊಟ್ಟಾಗ ಕುಡಿದಳು. ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅವನಿಗೆ ತೂಕಡಿಕೆ ಬಂದು ಹೋಗಿ ಮತ್ತೆ ಬಂತು. ಅವಳ ಕಣ್ಣು ಮಾತ್ರ ಆ ಗಾಜಿನಲ್ಲೇ ನೆಟ್ಟಿತ್ತು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಅವನ ಯಂತ್ರದ ಎದುರು ಹೀಗೆ ಕೂತವಳಲ್ಲ. ಬೇಕೆನಿಸಿರಲಿಲ್ಲ. ಅವನ ಒಂದು ಮಾತು ಸಾಕಾಗಿತ್ತು.

ಹೊಸ ಮೊಣಕೈ ಬೆಳೆದು ಮುಗಿಯಿತು. ಅವನು ಅದನ್ನು ಅಡಿಯ ತಟ್ಟೆಯಿಂದ ಕತ್ತರಿಸಿ ತೆಗೆದು, ಪುಡಿ ಕೊಡವಿ, ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ತಂದ. ಅವಳು ಆಚೆ ತನ್ನ ಕೋಣೆಯಲ್ಲಿ ನಿಂತಿದ್ದಳು.

ಅವನು ಕಾದ. ಆ ಪ್ರಶ್ನೆಯನ್ನು ಅವನು ಎಷ್ಟು ಸಾವಿರ ಸಲ ಕೇಳಿಸಿಕೊಂಡಿದ್ದನೋ, ಈಗ ಇನ್ನೊಮ್ಮೆ ಕೇಳಿಸಿಕೊಳ್ಳಲು ಏನು ಬೇಕಾದರೂ ಕೊಡುತ್ತಿದ್ದ. ಈ ಸಲ ಅವನ ಬಳಿ ನಿಜವಾದ ಉತ್ತರವಿತ್ತು.

ಅವಳು ಕೈ ಚಾಚಿ ಮೊಣಕೈಯನ್ನು ತೆಗೆದುಕೊಂಡಳು.

"ಎಲ್ಲೂ ನಿಲ್ಲಲಿಲ್ಲ," ಎಂದ ಅವನು, ತಾನಾಗಿಯೇ.

"ಗೊತ್ತು," ಎಂದಳು ಅವಳು. "ನೋಡ್ತಿದ್ನಲ್ಲ."

ಅವಳು ಒಳಗೆ ಹೋಗಿ ಪಂಪು ಚಾಲೂ ಮಾಡಿದಳು. ಸೋರಿಕೆ ನೋಡಲು ಅವನು ಎಂದಿನಂತೆ ಆ ಕಡೆ ಹೋಗಿ ನಿಲ್ಲಬೇಕೆಂದು ಹೊರಟ. ಅಲ್ಲಿ, ಬಾಗಿನ ನೇರಕ್ಕೆ, ಮೀಟರಿನ ಬಳಿಯಿಂದಲೇ ತನಗೆ ಕಾಣುವ ಹಾಗೆ, ಅವಳು ಒಂದು ಕನ್ನಡಿ ನಿಲ್ಲಿಸಿದ್ದಳು.